ಬಾಟಲಿಗಿಟ್ಟ ಕುಂಕುಮ

ಆಯುಧಪೂಜೆಯ ರಜೆ ಮುಗಿಸಿ ಬಂದು ಪರೀಕ್ಷೆಯ ಬೀರು ತೆರೆದರೆ, ಒಳಗಿದ್ದ ಅಷ್ಟೂ ಬಾಟಲಿಗಳ ಹಣೆಗೆ ಕುಂಕುಮ!

ಪೀಣ್ಯದ ನಮ್ಮ ಮಾತ್ರೆ ಕಾರ್ಖಾನೆಯಲ್ಲಿ ಆ ಬೀರುವಿನ ಹೊಣೆ ನನ್ನದು. ಶಾಖದಲ್ಲಿ, ತೇವದಲ್ಲಿ ತಿಂಗಳುಗಟ್ಟಲೆ ಇಟ್ಟು, ಮಾತ್ರೆ ಕೆಡುತ್ತದೆಯೇ ಎಂದು ಅದರಲ್ಲಿ ನೋಡುತ್ತೇವೆ. ಈ ಮಾತ್ರೆಯ ಪೇಟೆಂಟ್ ಬೇರೆ ಕಂಪನಿಯದು. ಅದು ಮುಗಿಯುವವರೆಗೆ ನಾವು ಒಂದನ್ನೂ ಮಾರುವಂತಿಲ್ಲ. ಸರ್ಕಾರದ ಒಪ್ಪಿಗೆ ಪಡೆಯಲು ಮಾತ್ರ ತಯಾರಿಸಿ ಪರೀಕ್ಷಿಸಬಹುದು, ಅಷ್ಟಕ್ಕೆ ಕಾನೂನು ಬಿಟ್ಟಿದೆ. ಬಿಡದಿದ್ದರೆ ಪೇಟೆಂಟ್ ಮುಗಿದ ಮೇಲೂ ರೋಗಿಗಳು ವರ್ಷಗಟ್ಟಲೆ ಕಾಯಬೇಕು.

"ಯಾರಿಗ್ರೀ ತಲೆ ಕೆಟ್ಟಿದ್ದು?" ಅಂದೆ. ನನ್ನ ಬಾಯಿ ಮೊದಲೇ ಜೋರು.

ಪ್ಯಾಕಿಂಗ್ ವಿಭಾಗದ ಮಹಾನಂದಾ ಮುಂದೆ ಬಂದಳು. ಇಂಡಿ ಕಡೆಯವಳು. ಗ್ರಾನೈಟ್ ಕೊಯ್ಯುತ್ತಿದ್ದ ಅವಳ ಗಂಡ ಸಿದ್ರಾಮನಿಗೆ ಧೂಳು ಕುಡಿದು ಶ್ವಾಸಕೋಶ ಗಟ್ಟಿಯಾಗಿತ್ತು. ಡಾಕ್ಟರು ಬರೆದದ್ದು ಇದೇ ಮಾತ್ರೆ. ಆ ಕಂಪನಿಯ ಬೆಲೆ ಅವರ ಕೈಗೆಟುಕುವಂಥದ್ದಲ್ಲ.

"ಎಲ್ಲಾ ಮಷೀನಿಗೂ ಪೂಜಿ ಆತ್ರಿ ಮೇಡಂ. ಇದೊಂದನ್ನ ಹೆಂಗ ಬಿಡೂದ್ರಿ? ನಮ್ಮ ಮನಿಯವ್ರ ಗುಳಿಗಿ ಇದರಾಗ ಐತಲ್ರೀ."

ಬೈಯುವುದು ಬಿಟ್ಟು ಒಂದೊಂದೇ ಬಾಟಲಿ ಎತ್ತಿ ನೋಡಿದೆ. ಪುಣ್ಯಕ್ಕೆ ಸೀಲ್ ಒಡೆದಿರಲಿಲ್ಲ. ಆದರೆ ಪೂಜೆಗೆಂದು ಬೀರುವಿನ ಬಾಗಿಲು ತೆರೆದಿಟ್ಟಾಗ ಶಾಖ ಇಳಿದಿತ್ತು. ಏನನ್ನೂ ಮುಚ್ಚಿಡದೆ ಮೇಲಿನವರಿಗೆ ತಿಳಿಸಿದೆ. ಮಾತ್ರೆಗಳನ್ನು ಮತ್ತೆ ಪರೀಕ್ಷಿಸುವವರೆಗೆ ನನಗೆ ಊಟ ಸೇರಲಿಲ್ಲ. ಫೇಲಾದರೆ ಎಲ್ಲವೂ ಮೊದಲಿನಿಂದ, ಸಿದ್ರಾಮ ಅಲ್ಲಿಯವರೆಗೆ ಉಳಿಯಬೇಕಲ್ಲ!

ಪಾಸಾಯಿತು. ಪರೀಕ್ಷೆ ಮುಗಿದು ಉಳಿದ, ಯಾರಿಗೂ ಕೊಡುವಂತಿಲ್ಲದ ಮಾತ್ರೆಗಳನ್ನು ನಾಶಮಾಡುವ ದಿನ ಡಬ್ಬಿ ಹೊತ್ತು ತಂದವಳು ಮಹಾನಂದಾಳೇ. ಗಂಡನಿಗೆಂದು ಒಂದೇ ಒಂದು ಬಾಟಲಿ ಕೇಳಿದರೆ ಇಲ್ಲ ಅನ್ನುವುದು ಹೇಗೆ ಎಂದು ನಾನು ಮಾತು ಜೋಡಿಸಿಕೊಂಡು ನಿಂತಿದ್ದೆ. ಅವಳು ಕೇಳಲೇ ಇಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

"ಇನ್ನ ಎಷ್ಟ ದಿನಾರೀ?" ಅಂದಳು.

"ಸಂಕ್ರಾಂತಿ ಒಂದು ಕಳೀಲಿ ಕಣೇ."

ಸರ್ಕಾರದ ಒಪ್ಪಿಗೆ ಬಂತು, ಸಂಕ್ರಾಂತಿ ಕಳೆಯಿತು, ಪೇಟೆಂಟೂ ಮುಗಿಯಿತು. ಮೊದಲ ಲಾರಿಗೆ ಪೆಟ್ಟಿಗೆ ಏರಿಸುವಾಗ ಮಹಾನಂದಾ ಕೈಕಟ್ಟಿ ದೂರ ನಿಂತಿದ್ದಳು. ಕುಂಕುಮದ ಬಟ್ಟಲನ್ನು ನಾನೇ ಅವಳ ಕೈಗಿಟ್ಟೆ. "ಈಗ ಹಚ್ಚೇ ತಾಯಿ, ಎಷ್ಟು ಬೇಕೋ ಅಷ್ಟು."

ಆ ವಾರವೇ ಡಾಕ್ಟರ ಚೀಟಿ ತೋರಿಸಿ ಅಂಗಡಿಯಲ್ಲಿ ಅವಳ ಕೈಗೆಟುಕುವ ಬೆಲೆಗೆ ನಮ್ಮ ಮಾತ್ರೆ ಕೊಂಡು, ಮಾದನಾಯಕನಹಳ್ಳಿಯ ಅವರ ಬಾಡಿಗೆ ಕೋಣೆಗೆ ಇಬ್ಬರೂ ಹೋದೆವು. ಗೋಡೆಗೊರಗಿ ಕೂತಿದ್ದ ಸಿದ್ರಾಮ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ, ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ.

"ಇದು... ನೀ ಮಾಡಿದ್ದೇನ?" ಮಾತಿನ ನಡುವೆ ಉಸಿರೆಳೆದುಕೊಂಡ.

"ಹೂಂ ರೀ, ನಮ್ಮ ಫ್ಯಾಕ್ಟರೀದ. ನುಂಗ್ರಿ ಇನ್ನ. ಈಗ ಯಾರೂ ಬ್ಯಾಡ ಅನ್ನಂಗಿಲ್ಲ."