ಡಾಕ್ಟರಿಗೆ ಹೇಳದ ಪಾರಿವಾಳಗಳು

ಮೂರನೇ ಮಹಡಿಯ ತನ್ನ ಮನೆಗೆ ಹತ್ತುವಷ್ಟರಲ್ಲಿ, ಗಡಿಯಾರ ರಿಪೇರಿ ಮಾಡುವ ಗಡಿಯಾರದಣ್ಣನಿಗೆ ಜೀವ ಬಾಯಿಗೆ ಬರುತ್ತಿತ್ತು. ಒಣಕೆಮ್ಮು ಬೇರೆ. ಕಫವಿಲ್ಲ, ಜ್ವರವಿಲ್ಲ. "ಹಳೇ ಗಡಿಯಾರ ನಿಧಾನ ಓಡದೆ ಇನ್ನೇನು ಮಾಡೀತು?" ಅಂತ ದಿನ ತಳ್ಳಿದ.

ಹೆಂಡತಿ ತೀರಿಹೋದ ಮೇಲೆ ಇಷ್ಟು ವರ್ಷ ಅವನ ಮಾತಿಗೆ ಇದ್ದವು ಪಾರಿವಾಳಗಳು ಮಾತ್ರ. ಅವಳು ಕಿಟಕಿಯಲ್ಲಿ ಕಾಳು ಹಾಕಿ ರೂಢಿ ಮಾಡಿದ್ದಳು. ಇವನು ಮಂಚದ ಪಕ್ಕದಲ್ಲೇ ಬಲೆ ಕಟ್ಟಿ ಒಳಗೆ ಕರೆದುಕೊಂಡ. ಬೆದರುತ್ತವೆ ಅಂತ, ಹೆಂಡತಿ ತಂದಿದ್ದ ಗಂಟೆ ಹೊಡೆಯುವ ಗೋಡೆ ಗಡಿಯಾರಕ್ಕೆ ಕೀ ಕೊಡುವುದನ್ನೂ ಬಿಟ್ಟ. ಊರಿನ ಗಡಿಯಾರಗಳನ್ನೆಲ್ಲ ಓಡಿಸುವವನ ಮನೆಯಲ್ಲೇ ಗಡಿಯಾರ ನಿಂತಿತ್ತು.

ಒಂದು ದಿನ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕುಳಿತವನನ್ನು ಕೆಳಮನೆಯ ನರ್ಸಮ್ಮ ಕಂಡಳು. ಬಿಡದೆ ಆಸ್ಪತ್ರೆಗೆ ಕಳಿಸಿದಳು. ಸ್ಕ್ಯಾನಿಂಗ್‌ನಲ್ಲಿ ಶ್ವಾಸಕೋಶದ ತುಂಬ ಗಾಯದ ಕಲೆ ಕಂಡಿತು. ಸಂಜೆ ಅವಳು ವಿಚಾರಿಸಲು ಮೇಲೆ ಬಂದಳು.

"ಕಲೆ ಅಂದ್ರೇನಮ್ಮ? ನಾನೆಲ್ಲೂ ಬಿದ್ದಿಲ್ಲ, ಎದ್ದಿಲ್ಲ."

ಗಡಿಯಾರದೊಳಗಿನ ಧೂಳು ಊದುವ ಹಳೆಯ ರಬ್ಬರ್ ಚೆಂಡು ಮೇಜಿನ ಮೇಲಿತ್ತು. ಅವಳು ಅದನ್ನು ಅವನ ಕೈಗಿಟ್ಟಳು. "ಒತ್ತಿ ನೋಡಿ."

"ಇದು ಕಲ್ಲಾಗಿದೆ. ಗಾಳೀನೇ ಎಳೆಯಲ್ಲ."

"ಕಲೆ ಬಿದ್ದ ಶ್ವಾಸಕೋಶವೂ ಹಾಗೇ ಅಣ್ಣಾ, ಹಿಗ್ಗಲ್ಲ. ಆದ ಕಲೆ ಅಳಿಸೋಕಾಗಲ್ಲ. ಹೆಚ್ಚಾಗದ ಹಾಗೆ ನೋಡ್ಕೋಬಹುದು. ಅದಕ್ಕೆ ಕಾರಣ ಹುಡುಕಬೇಕು. ಡಾಕ್ಟರು ಏನೇನು ಕೇಳಿದ್ರು?"

"ಬೀಡಿ ಸೇದ್ತೀರಾ? ಕಲ್ಲಿನ ಕೆಲಸ, ಧೂಳಿನ ಕೆಲಸ ಮಾಡಿದೀರಾ? ಕೀಲು ಬಾವು ಇದೆಯಾ? ಯಾವುದಾದ್ರೂ ಮಾತ್ರೆ ತಗೋತೀರಾ? ಮನೆತನದಲ್ಲಿ ಯಾರಿಗಾದ್ರೂ ಇತ್ತಾ? ಎಲ್ಲಕ್ಕೂ ಇಲ್ಲ ಅಂದೆ."

"ಹಕ್ಕಿ ಸಾಕಿದೀರಾ ಅಂತ ಕೇಳಲಿಲ್ವಾ?"

"ಕೇಳಿದ್ರು. ಇಲ್ಲ ಅಂದೆ. ಮನೇಲಿ ಯಾರ್ಯಾರಿದೀರಿ ಅಂದಿದ್ರೆ ಹೇಳ್ತಿದ್ದೆ."

ನರ್ಸಮ್ಮನಿಗೆ ನಗಲೂ ಆಗಲಿಲ್ಲ, ಬೈಯಲೂ ಆಗಲಿಲ್ಲ. "ಅವುಗಳ ಹಿಕ್ಕೆ ಒಣಗಿ ಪುಡಿಯಾಗುತ್ತೆ, ರೆಕ್ಕೆಯಿಂದ ಧೂಳು ಏಳುತ್ತೆ. ಎಲ್ಲರಿಗೂ ಅಲ್ಲ, ಕೆಲವರಿಗೆ ಅದು ಆಗಿಬರಲ್ಲ. ವರ್ಷಗಟ್ಟಲೆ ಉಸಿರಾಡಿದ್ರೆ ಒಳಗೆ ಕಲೆ ಬೀಳುತ್ತೆ."

"ಪಾರಿವಾಳದ ಮೇಲೆ ಗೂಬೆ ಕೂರಿಸ್ತೀಯಲ್ಲಮ್ಮ!"

"ಅದೇ ಕಾರಣ ಅಂತ ನಾನು ಹೇಳೋಳಲ್ಲ. ಡಾಕ್ಟರಿಗೆ ನಿಜ ಹೇಳಿ. ಅವರು ನೋಡಿ ಹೇಳ್ಲಿ."

ಅವನು ಬಲೆಯ ಕಡೆ ತಿರುಗಿದ. "ಇವು ಹೋದ್ರೆ, ನಾನು ಬಾಗಿಲು ತೆಗೆದಾಗ ತಿರುಗಿ ನೋಡೋರು ಯಾರಿದಾರೆ?"

ಮರುದಿನ ಅವಳೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು; ಅವನು ಪಾರಿವಾಳಗಳ ವಿಷಯ ಹೇಳಿದ.

ಡಾಕ್ಟರು ಮತ್ತಷ್ಟು ಪರೀಕ್ಷೆ ಮಾಡಿಸಿದರು. "ಪಾರಿವಾಳದ ಧೂಳೇ ಇರಬೇಕು. ಅವನ್ನ ಮನೇಲಿಟ್ಕೊಂಡು ಔಷಧಿ ತಗೊಂಡ್ರೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ," ಅಂದರು.

ಊರಾಚೆ ಬಯಲಲ್ಲಿ ಹಕ್ಕಿ ಸಾಕುವವನೊಬ್ಬ ಬಂದು ಪಾರಿವಾಳಗಳನ್ನು ಕೊಂಡೊಯ್ದ. ನರ್ಸಮ್ಮ ಮಾಸ್ಕ್ ಕಟ್ಟಿಕೊಂಡು, ಧೂಳೇಳದಂತೆ ಗುಡಿಸದೆ, ಒದ್ದೆ ಬಟ್ಟೆಯಲ್ಲಿ ಕೋಣೆ ಒರೆಸಿದಳು. ಅಲ್ಲಿಯವರೆಗೆ ಅವನು ಕೆಳಮನೆಯಲ್ಲಿದ್ದ.

ಮೇಲೆ ಬಂದು ಬಾಗಿಲು ತೆಗೆದ. ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಸ್ಟೂಲು ಎಳೆದು ಗೋಡೆ ಗಡಿಯಾರಕ್ಕೆ ಕೀ ಕೊಟ್ಟ.

ಅಷ್ಟರಲ್ಲಿ ಬೇರೆ ಊರಿನ ತಂಗಿಯ ಫೋನು ಬಂತು. ಮಾತಿನ ನಡುವೆ ಗಂಟೆ ಹೊಡೆಯಿತು.

"ಅಣ್ಣಾ, ಅದು ಅತ್ತಿಗೆಯ ಗಡಿಯಾರ ಅಲ್ವಾ?"

"ಹೂಂ. ಇನ್ನೊಂದು ಸಲ ಹೊಡೆಯೋವರೆಗೂ ಫೋನ್ ಇಡಬೇಡ ಕಣೇ."

ಗಡಿಯಾರದಣ್ಣನಿಗೆ ಮೆಟ್ಟಿಲು ಈಗಲೂ ಕಷ್ಟವೇ. ಆದರೆ ಮುಂದಿನ ಪರೀಕ್ಷೆಯಲ್ಲಿ ಕಲೆ ಹೆಚ್ಚಿರಲಿಲ್ಲ.

ಓದಿದವರೇ, ಒಣಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ನಡೆಯುವಾಗ ಉಸಿರು ಕಟ್ಟಿದರೆ, ವಯಸ್ಸಿನ ಮೇಲೆ ಹಾಕಿ ಕೂರಬೇಡಿ. ಎಷ್ಟೋ ಸಲ ಕಾರಣ ಡಾಕ್ಟರಿಗೂ ಸಿಗುವುದಿಲ್ಲ, ನಿಜ. ಆದರೂ ನಿಮ್ಮ ಕೆಲಸ, ಹೊಗೆ, ಧೂಳು, ಮಾತ್ರೆ, ಸಾಕಿದ ಹಕ್ಕಿ, ಎಲ್ಲವನ್ನೂ ಹೇಳಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಮತ್ತೆ, ನಿಮ್ಮ ಮೆಟ್ಟಿಲ ಮೇಲೆ ಯಾರಾದರೂ ಒಬ್ಬರೇ ಕುಳಿತಿದ್ದರೆ, ದಾಟಿ ಹೋಗಬೇಡಿ. ಯಾಕೆ ಅಂತ ಕೇಳಿ.