ಹೆಸರಿಲ್ಲದ ಮಾತ್ರೆ

ನ್ಯೂಜೆರ್ಸಿಯ ನಮ್ಮ ಕನ್ನಡದವರ ಮನೆಗಳಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ಊರಿಗೆ ಹೋದಾಗಲೆಲ್ಲ ಕೊಂಡು ತಂದ ಮಾತ್ರೆಗಳ ಡಬ್ಬಿ. ಇಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವುದು ತಡ, ಬಿಲ್ಲೂ ದುಬಾರಿ, ಅದಕ್ಕೇ ತರುತ್ತೇವೆ. ಸರಿ. ಆದರೆ ಆ ಡಬ್ಬಿ ತುಂಬಿದ ದಿನವೇ ನಮಗೆ ಬಡವರ ನೆನಪಾಗುತ್ತದಲ್ಲ, ಅದಕ್ಕೆ ಏನು ಹೇಳಬೇಕು?

ಈಸ್ಟ್ ಬ್ರನ್ಸ್‌ವಿಕ್‌ನ ಶಾಂತಾರಾಮ ಅವರು ಕುಂದಾಪುರದ ಕಡೆಯವರು, ಹೋಟೆಲ್ ನಡೆಸುತ್ತಾರೆ. ಫಿಲಿಪ್ಪೀನ್ಸ್‌ನ ಒಂದು ಪುಟ್ಟ ದ್ವೀಪದ ಬಡವರ ಆಸ್ಪತ್ರೆಗೆ ನಮ್ಮ ಬಳಗದವರು ನೆರವು ಕಳಿಸುತ್ತಾರೆಂದು ತಿಳಿದು, ದೊಡ್ಡ ಪೆಟ್ಟಿಗೆಯನ್ನೇ ತುಂಬಿಟ್ಟಿದ್ದರು. ಅದನ್ನು ಒಯ್ಯಲು ಬಳಗದ ಪರವಾಗಿ ಮಾನ್ಮತ್ ಜಂಕ್ಷನ್‌ನಿಂದ ನಿರುಪಮಾ ಬಂದಳು. ಮೈಸೂರಿನವಳು, ಔಷಧಿ ಕಂಪನಿಯಲ್ಲಿ ಕೆಲಸ. ಪೆಟ್ಟಿಗೆ ತೆರೆದವಳೇ ಮುಖ ಗಂಟಿಕ್ಕಿದಳು.

ಒಳಗಿದ್ದದ್ದೆಲ್ಲ ಕತ್ತರಿಸಿದ ಶೀಟುಗಳು. ನಮ್ಮೂರ ಮೆಡಿಕಲ್ ಶಾಪಿನಲ್ಲಿ ನಾಲ್ಕು ಮಾತ್ರೆ ಕೇಳಿದರೆ ಕತ್ತರಿಯಲ್ಲಿ ನಾಲ್ಕೇ ಕತ್ತರಿಸಿ ಕೊಡುತ್ತಾರಲ್ಲ, ಹಾಗೆ. ಹೆಸರು ಒಂದು ತುಂಡಿನಲ್ಲಿ ಹೋಯಿತು, ಎಕ್ಸ್‌ಪೈರಿ ತಾರೀಖು ಇನ್ನೊಂದರಲ್ಲಿ.

ಇದನ್ನು ಕಳಿಸಲಾಗುವುದಿಲ್ಲ ಎಂದಳು ನಿರುಪಮಾ. ಶಾಂತಾರಾಮರಿಗೆ ಸಿಟ್ಟು ಬಂತು.

"ಎಂತ ಹೇಳ್ತಿ ಮಾರಾಯ್ತಿ? ಎಂತದೂ ಇಲ್ದಿದ್ದವರಿಗೆ ಇಷ್ಟಾದ್ರೂ ಆಯ್ತಲ್ದಾ?"

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಿರುಪಮಾಳಿಗೂ ಉರಿಯಿತು. ಹೋದ ವರ್ಷದ್ದನ್ನು ಹೇಳಿಯೇಬಿಟ್ಟಳು. ಆ ದ್ವೀಪದ ಬಸುರಿಯೊಬ್ಬಳಿಗೆ ಬಿಪಿ ಏರಿತ್ತು. ಆಸ್ಪತ್ರೆಯಲ್ಲಿ ಇಂಥವೇ ಮಾತ್ರೆಗಳ ರಾಶಿ ಬಿದ್ದಿತ್ತು, ಯಾವುದು ಏನೆಂದು ತಿಳಿಯದೆ ನರ್ಸ್ ಒಂದನ್ನೂ ಕೊಡಲಿಲ್ಲ. ಅವಳನ್ನು ಹೊತ್ತ ದೋಣಿ ಆಚೆ ದಡದ ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಹೊಟ್ಟೆಯಲ್ಲೇ ಮಗು ಸತ್ತಿತ್ತು.

"ಅವಳು ಈಗ ಮತ್ತೆ ಬಸುರಿ, ಅಂಕಲ್. ಬರೋದೂ ಅದೇ ಆಸ್ಪತ್ರೆಗೆ. ಇದರಲ್ಲಿ ಅವಳಿಗೆ ಯಾವ ಮಾತ್ರೆ ಕೊಡ್ಬೇಕು, ನೀವೇ ಆರಿಸಿಕೊಡಿ."

ಶಾಂತಾರಾಮರು ಕನ್ನಡಕ ಹಾಕಿಕೊಂಡು ಒಂದು ತುಂಡನ್ನು ತಿರುಗಿಸಿ ನೋಡಿದರು. ಗೊತ್ತಾಗದೆ ಹೆಂಡತಿ ಅಪ್ಪಿಯವರ ಕೈಗೆ ಕೊಟ್ಟರು. ಅದು ಅಪ್ಪಿಯವರೇ ನುಂಗುತ್ತಿದ್ದ ಮಾತ್ರೆ. ಮಂಡಿನೋವಿನದೋ, ತಲೆಸುತ್ತಿನದೋ, ಅವರಿಗೂ ನೆನಪಿರಲಿಲ್ಲ.

"ನಮಗೇ ಗೊತ್ತಿಲ್ಲದ್ದನ್ನ ಬಸುರಿ ಹೆಂಗ್ಸಿಗೆ ತಿನ್ನಿಸುದಾ?" ಎಂದರು ಅಪ್ಪಿ, ಗಂಡನನ್ನೇ ನೋಡುತ್ತ.

ಶಾಂತಾರಾಮರು ಪೆಟ್ಟಿಗೆ ಮುಚ್ಚಿದರು. ಹಾಗಾದರೆ ಏನು ಕಳಿಸಲಿ ಎಂದು ಮೆಲ್ಲಗೆ ಕೇಳಿದರು. ಆಸ್ಪತ್ರೆಯವರು ಕೇಳಿದ ಔಷಧಿಯನ್ನು ಅವರ ಹತ್ತಿರದ ಪೇಟೆಯಲ್ಲೇ ಹೊಸದಾಗಿ ಕೊಳ್ಳಬಹುದು, ನಾವು ದುಡ್ಡು ಕಳಿಸಿದರೆ ಸಾಕು ಎಂದು ನಿರುಪಮಾ ಹೇಳಿದಳು. ಶಾಂತಾರಾಮರು ಆಗಲೇ ದುಡ್ಡು ಕಳಿಸಿದರು. ಸಂಜೆ ಗಂಡ ಹೆಂಡತಿ ಇಬ್ಬರೂ ಹೋಗಿ, ಹಳೇ ಮಾತ್ರೆಗಳನ್ನು ಫಾರ್ಮಸಿಯಲ್ಲಿ ಬೇಡವಾದ ಔಷಧಿ ಹಾಕಲೆಂದೇ ಇಟ್ಟಿರುವ ಪೆಟ್ಟಿಗೆಗೆ ಸುರಿದು ಬಂದರು.

ಇದನ್ನು ಓದುತ್ತಿರುವ ನೀವೂ ಎದ್ದು ನಿಮ್ಮ ಡಬ್ಬಿ ತೆರೆಯಿರಿ. ಹೆಸರಿಲ್ಲದ್ದು, ತಾರೀಖು ಮುಗಿದದ್ದು, ಉಳಿದದ್ದು ಯಾವುದೂ ದಾನವಲ್ಲ. ಅದನ್ನು ಬಡವರ ಬಾಯಿಗೆ ಹಾಕಿ ಪುಣ್ಯ ಕಟ್ಟಿಕೊಳ್ಳಬೇಡಿ. ಆಸ್ಪತ್ರೆ ಏನು ಕೇಳಿದೆಯೋ ಅದನ್ನು ಕೊಡಿ, ಇವತ್ತೇ ಕೊಡಿ. ಆ ತಾಯಿಗೆ ದಿನ ತುಂಬುತ್ತಿದೆ. ಅವಳು ಬರುವ ಮೊದಲು ಔಷಧಿ ಅಲ್ಲಿರಬೇಕು.