ಆ ಒಂದು ಮಿಲಿಮೀಟರ್

ಮೂರನೇ ಸಲವೂ ಪಗಡಿಯ ಮಡಿಕೆ ಜಾರಿತು. ಮಿಲ್ಲಿನ ಹಳೆಯ ಜೊತೆಗಾರ ಮುಖ್ತಿಯಾರ್ ಸಿಂಗ್ ಬಟ್ಟೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದ.

"ಸತ್ತ ಮೇಲೂ ಇವನದು ಅದೇ ಹಠ. ಯಾರ ಕೈಕೆಲಸವೂ ಒಪ್ಪಿಗೆ ಆಗಲ್ಲ ಇವನಿಗೆ," ಎಂದ.

ಮೊಸರು ಹಚ್ಚಿ ಮೀಯಿಸಿದ ನಾಹರ್ ಸಿಂಗನ ದೇಹ ಅಂಗಳದ ಹಲಗೆಯ ಮೇಲಿತ್ತು. ಮುಂಗೈಯಿಂದ ಮೊಣಕೈವರೆಗೆ ಕಾದ ಕಬ್ಬಿಣದ ಕಿಡಿ ಸಿಡಿದ ಹಳೆಯ ಕಲೆಗಳು. ಗೋಡೆಗೆ ಒರಗಿ ಕೂತಿದ್ದ ಹೆಂಡತಿ ಬಚನ್ ಕೌರ್ ಬಾಯಿ ತೆರೆದಳು.

"ಬಲಗಡೆ ಸ್ವಲ್ಪ ಇಳಿಸು ಅಣ್ಣಾ. ಅವರು ಕಿವಿ ಮುಚ್ಚೋ ಹಾಗೆ ಕಟ್ಕೋತಿದ್ರು. ನನ್ನ ಮಾತು ಕೇಳಿಸಬಾರದಲ್ಲ!"

ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ನಕ್ಕುಬಿಟ್ಟರು. ಮಗಳು ಜಸ್‌ಬೀರ್ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಹೊರಗೆ ಗೋಬಿಂದಗಢದ ಉಕ್ಕಿನ ಮಿಲ್ಲುಗಳು ಎಂದಿನಂತೆ ಗುಡುಗುತ್ತಿದ್ದವು.

ಚಟ್ಟ ಎತ್ತುವ ಹೊತ್ತಿಗೆ ಬಾಗಿಲಲ್ಲಿ ಬೆಟ್ಟದವರ ದುಂಡು ಟೋಪಿ ಹಾಕಿದ್ದ ಅಪರಿಚಿತನೊಬ್ಬ ಬಂದು ನಿಂತ.

"ಚಾನಲ್ ಸರ್ದಾರ್‌ಜಿ ಮನೆ ಇದೇನಾ? ನಾನು ಲುದರ್ ಚಂದ್. ಶಿಲ್ಹಾದವನು."

ಆ ಊರಿನ ಹೆಸರು ಕೇಳಿ ಬಚನ್ ಕೌರ್ ತಲೆ ಎತ್ತಿದಳು. ಆದರೆ ಆಗಲೇ 'ವಾಹೆಗುರು, ವಾಹೆಗುರು' ಎನ್ನುತ್ತ ಗಂಡಸರು ಹೆಗಲು ಕೊಟ್ಟಿದ್ದರು. ಬಂದವನೂ ಹೋಗಿ ಒಂದು ಮೂಲೆಗೆ ಹೆಗಲು ಕೊಟ್ಟ.

*

ಇಪ್ಪತ್ತಾರು ವರ್ಷಗಳ ಹಿಂದೆ ನಾಹರ್ ಸಿಂಗ್ ಒಂದು ಮಿಲ್ಲಿನಲ್ಲಿ ಅಳತೆ ನೋಡುವವನಾಗಿದ್ದ. ಕೆಂಪಗೆ ಉರುಳಿ ಬಂದ ಚಾನಲ್ ಎಂಬ ಉಕ್ಕಿನ ತೊಲೆಗಳು ತಣ್ಣಗಾದ ಮೇಲೆ ಗೇಜು ಹಿಡಿದು ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು ಅವನ ಕೆಲಸ. ಬೆಟ್ಟದ ಮೇಲಿನ ಶಿಲ್ಹಾ ಎಂಬ ಊರಿನ ಕಾಲುಸೇತುವೆಗೆ ನೂರಿಪ್ಪತ್ತೈದರ ಚಾನಲ್ ಬೇಕಾಗಿತ್ತು. ನೂರಿಪ್ಪತ್ತೈದು ಮಿಲಿಮೀಟರ್ ಎತ್ತರ, ಅರವತ್ತೈದರ ಎರಡು ರೆಕ್ಕೆ, ಅವನ್ನು ಹಿಡಿದ ಬೆನ್ನು ಐದು ಮಿಲಿಮೀಟರ್ ದಪ್ಪ. ಅವನ ಗೇಜು ನಾಲ್ಕು ತೋರಿಸಿತು. ಮೀಟರಿಗೆ ಹದಿಮೂರು ಕಿಲೋ ತೂಗಬೇಕಾದದ್ದು ಹನ್ನೆರಡೇ ತೂಗಿತು.

"ಬಣ್ಣ ಹೊಡೆದ ಮೇಲೆ ಯಾರಿಗಪ್ಪಾ ಕಾಣುತ್ತೆ?" ಎಂದ ಮಾಲೀಕ ಲಾಲಾ.

"ಕಾಣಲ್ಲ ಲಾಲಾಜಿ. ಅದಕ್ಕೇ ನನ್ನ ಇಟ್ಟಿರೋದು."

ಮುದ್ರೆಯನ್ನು ಜೇಬಿಗೆ ಹಾಕಿಕೊಂಡು ನಾಹರ್ ಆ ರಾಶಿಯ ಮೇಲೇ ಕೂತ. ಎರಡು ದಿನ ಅಲ್ಲಿಂದ ಏಳಲಿಲ್ಲ. ಮೂರನೆಯ ದಿನ ಲಾಲಾ ಅವನನ್ನು ಗೇಟಿನ ಹೊರಗೆ ಕಳಿಸಿದ. ಹೊಸದಾಗಿ ಐದರ ಚಾನಲ್ ಮಾಡಿಸಿದರು ಎಂದು ಮುಖ್ತಿಯಾರ್ ವಾರದ ಮೇಲೆ ಬಂದು ಹೇಳಿದ. ಆದರೆ ಲಾರಿಗೆ ಏರಿದ್ದು ಯಾವುದು ಎಂಬುದನ್ನು ಅವನೂ ನೋಡಿರಲಿಲ್ಲ.

ಮುಖ್ತಿಯಾರ್ ಬಂದು ಹೋದ ರಾತ್ರಿ ಬಚನ್ ಕೌರ್ ರೊಟ್ಟಿ ತಟ್ಟುತ್ತ ಹಂಗಿಸಿದಳು: "ಒಂದು ಮಿಲಿಮೀಟರ್‌ಗೋಸ್ಕರ ನೌಕರಿ ಕಳ್ಕೊಂಡು ಕೂತಿದಾರೆ, ದೊಡ್ಡ ಮನುಷ್ಯರು!"

"ಕೇಳಿಲ್ಲಿ. ಒಂಟಿ ಚಾನಲ್ ಮೇಲೆ ಭಾರ ಬಿದ್ರೆ ಅದು ಪಕ್ಕಕ್ಕೆ ತಿರುಚಿಕೊಳ್ಳುತ್ತೆ. ಅದಕ್ಕೇ ಎರಡನ್ನ ಬೆನ್ನಿಗೆ ಬೆನ್ನು ಕೂಡಿಸ್ತಾರೆ. ಆ ಬೆನ್ನೇ ತೆಳ್ಳಗಾದ್ರೆ..."

"ನಾವೂ ಇವತ್ತು ಹಾಗೇ ಮಲಗೋದು. ಬೆನ್ನಿಗೆ ಬೆನ್ನು."

ಅವನು ನಕ್ಕ. ಆಮೇಲೆ ಮೆತ್ತಗೆ ಹೇಳಿದ: "ಒಂದು ದಿನ ಶಿಲ್ಹಾಕ್ಕೆ ಕರ್ಕೊಂಡು ಹೋಗ್ತೀನಿ ಬಚ್ನೋ. ಆ ಒಂದು ಮಿಲಿಮೀಟರ್ ಮೇಲೆ ನಿನ್ನ ನಡೆಸ್ತೀನಿ."

ಹೋಗಲಾಗಲಿಲ್ಲ. ಆಮೇಲೆ ಹಿಡಿದ ಗುಜರಿ ಅಂಗಡಿಯ ತಕ್ಕಡಿ ಕೆಲಸಕ್ಕೆ ರಜೆ ಇರಲಿಲ್ಲ. ಆಮೇಲೆ ಜಸ್‌ಬೀರಳ ಮದುವೆ, ಆಮೇಲೆ ಬಚನ್ ಕೌರಳ ಮಂಡಿನೋವು. ಬೆಟ್ಟದ ಕಡೆ ಎಲ್ಲಾದರೂ ಸೇತುವೆ ಕುಸಿದ ಸುದ್ದಿ ಬಂದರೆ ನಾಹರ್ ರೇಡಿಯೋಕ್ಕೆ ಕಿವಿ ಹಚ್ಚಿ, ಊರಿನ ಹೆಸರು ಕೇಳುವವರೆಗೂ ತುತ್ತು ನುಂಗುತ್ತಿರಲಿಲ್ಲ.

*

ಸ್ಮಶಾನದಿಂದ ಬಂದವರು ಪಂಪಿನ ಕೆಳಗೆ ಕೈಕಾಲು ತೊಳೆದುಕೊಂಡರು. ಗುರುದ್ವಾರದಲ್ಲಿ ಗ್ರಂಥ ಪಠಣ ಮುಗಿದು, ನೆಂಟರು ಒಬ್ಬೊಬ್ಬರಾಗಿ ಹೊರಟ ಮೇಲೆ ಲುದರ್ ಚಂದ್ ಬಚನ್ ಕೌರಳ ಮುಂದೆ ಬಂದು ಕೂತ.

"ಮಾತಾಜಿ, ಸೇಬಿನ ಗಿಡ ಹೂ ಬಿಟ್ಟಿದೆ ಅಂತ ಹೇಳೋಕೆ ನಿನ್ನೆ ಫೋನ್ ಮಾಡಿದ್ದೆ. ಮಗಳು ವಿಷಯ ತಿಳಿಸಿದಳು. ಹಾಗೇ ಬಸ್ ಹತ್ತಿದೆ."

"ನಿಮಗೆ ಅವರು ಹೇಗೆ ಗೊತ್ತು?"

"ಹೋದ ವರ್ಷ ದೀಪಾವಳಿಗೆ ಮುಂಚೆ ಬಂದಿದ್ರಲ್ಲ! ಸೇತುವೆ ಬುಡಕ್ಕೆ ಇಳಿದು, ಕಲ್ಲಿನ ಮೇಲೆ ಅಂಗಾತ ಮಲಗಿ, ಅದೇನೋ ಕಚ್ಚಿಸಿ ಅಳೀತಿದ್ರು. ಸರ್ಕಾರದ ಇಂಜಿನಿಯರ್ ಅಂದ್ಕೊಂಡೆ. 'ಐದಕ್ಕೆ ಐದಿದೆ, ಐದಕ್ಕೆ ಐದಿದೆ' ಅಂತ ನನ್ನ ತಬ್ಬಿಕೊಂಡು ಅತ್ತುಬಿಟ್ರು."

ಜಸ್‌ಬೀರ್ ತಾಯಿಯ ಮುಖ ನೋಡಿದಳು. "ಬೇಬೇ, ಚಂಡೀಗಢಕ್ಕೆ ಕಣ್ಣು ತೋರಿಸೋಕೆ ಅಂತ ಎರಡು ದಿನ ಹೋಗಿದ್ರಲ್ಲ, ಆಗ!"

"ನಮ್ಮನೆ ಆಚೆ ದಡದಲ್ಲಿ, ಊಟಕ್ಕೆ ಬನ್ನಿ ಅಂದೆ," ಲುದರ್ ಚಂದ್ ಮುಂದುವರಿಸಿದ. "ಜಪ್ಪಯ್ಯ ಅಂದ್ರೂ ದಾಟಲಿಲ್ಲ. ಮಕ್ಕಳು ಶಾಲೆಯಿಂದ ಬರೋದು, ಹೆಂಗಸರು ಹುಲ್ಲುಹೊರೆ ಹೊತ್ತು ಹೋಗೋದು, ಎಲ್ಲ ನೋಡ್ತಾ ಸಂಜೆವರೆಗೂ ಈಚೆ ದಡದಲ್ಲೇ ಕೂತಿದ್ರು. 'ಗಟ್ಟಿ ಇದೆಯೋ ಇಲ್ವೋ ನೋಡದೆ ಅವಳನ್ನ ಹೇಗೆ ಕರ್ಕೊಂಡು ಬರಲಿ? ಈಗ ನೋಡಿದೆ. ಹೂ ಬಿಡೋ ಹೊತ್ತಿಗೆ ಇಬ್ಬರೂ ಬಂದು ದಾಟ್ತೀವಿ' ಅಂದ್ರು."



"ಸುಳ್ಳ ಸರ್ದಾರ," ಎಂದಳು ಬಚನ್ ಕೌರ್. "ಕಣ್ಣಿನ ಡಾಕ್ಟರು ಏನಂದ್ರು ಅಂತ ಕೇಳಿದೆ. 'ದೂರದ್ದು ಚೆನ್ನಾಗಿ ಕಾಣ್ತಿದೆಯಂತೆ' ಅಂದ್ರು."

ಮಂಡಿಯ ಮೇಲೆ ಕೈಯೂರಿ ಅವಳು ಎದ್ದಳು. "ಅಗಲ ಎಷ್ಟಿದೆ ಆ ಸೇತುವೆ?"

"ನಾಲ್ಕಡಿ ಇರಬಹುದು ಮಾತಾಜಿ."

"ಅಡಿ ಗಿಡಿ ನನಗೆ ತಿಳಿಯಲ್ಲ. ತೋರಿಸು."

ಲುದರ್ ಚಂದ್ ಬಾಗಿಲಿಗೆ ಹೋಗಿ ತನ್ನ ಬೂಟುಗಳನ್ನು ತಂದ. ಒಂದನ್ನು ಅಂಗಳದ ನೆಲದ ಮೇಲಿಟ್ಟು, ನೆನಪು ಮಾಡಿಕೊಂಡು, ಇನ್ನೊಂದನ್ನು ಅದರಿಂದ ದೂರಕ್ಕೆ ಇಟ್ಟ. ಬಚನ್ ಕೌರ್ ನಿಧಾನವಾಗಿ ನಡೆದು ಬಂದು ಅವೆರಡರ ನಡುವೆ ನಿಂತಳು. ಆಮೇಲೆ ಎಡಗಡೆಯ ಬೂಟಿಗೆ ತಾಗುವಷ್ಟು ಸರಿದು, ಬಲಕ್ಕೆ ಇನ್ನೊಬ್ಬರಿಗೆ ಜಾಗ ಬಿಟ್ಟಳು.